ಕಂಬಳಿ ಮಡಿಗಿ ನಡೀತದ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವ ಸಂಗತಿಯಲ್ಲಿ ಅದಕ್ಕೂ ಒಂದು ಪಾಲಿದೆ. ಬಾಗಲಕೋಟೆಯ ನವನಗರದಲ್ಲಿ, ಔಷಧದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಕಂಪ್ಯೂಟರ್ ರಿಪೇರಿ ಕಲಿಸುವ ಒಂದು ಕೇಂದ್ರವಿದೆ. ಅಲ್ಲಿ ನಾನು ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಹೆಸರು ಶುಭದಾ. ಹುಡುಗರು ಎದುರಿಗೆ ಅಕ್ಕೋರು ಎನ್ನುತ್ತಾರೆ, ಬೆನ್ನ ಹಿಂದೆ ಶಾರ್ಟ್ ಸರ್ಕೀಟ್ ಎನ್ನುತ್ತಾರೆ. ಎರಡೂ ನನಗೆ ಗೊತ್ತು.

ಕೋರ್ಸು ಒಂಬತ್ತು ತಿಂಗಳಿನದು. ಆರು ತಿಂಗಳು ನನ್ನ ಹತ್ತಿರ, ಮೂರು ತಿಂಗಳು ಹೊರಗೆ, ಸ್ವಂತ ಅಂಗಡಿ ಇಟ್ಟ ಯಾರಾದರೂ ರಿಪೇರಿಯವರ ಕೈಕೆಳಗೆ. ಆ ಮೂರು ತಿಂಗಳ ಕೊನೆಗೆ ರಿಪೇರಿಯವರು ‘ಇವರಿಗೆ ಕೆಲಸ ಬರುತ್ತದೆ’ ಎಂದು ಪತ್ರ ಬರೆದು ಸಿಕ್ಕಾ ಒತ್ತಿಕೊಟ್ಟರೆ ಸರ್ಟಿಫಿಕೇಟು ಸಿಗುತ್ತದೆ. ಕೊಡದಿದ್ದರೆ ಆರು ತಿಂಗಳು ಸ್ಕ್ರೂ ತಿರುಗಿಸಿದ್ದಷ್ಟೇ ಬಂತು.

ನನ್ನ ಪಾಠಗಳಲ್ಲಿ ನನಗೆ ಹೆಚ್ಚು ಹೆಮ್ಮೆ ಇದ್ದದ್ದು ಸ್ಥಿರ ವಿದ್ಯುತ್ತಿನ ಪಾಠದ ಬಗ್ಗೆ. ನಡೆದಾಡುವಾಗ, ಬಟ್ಟೆ ಬಟ್ಟೆಗೆ ಉಜ್ಜಿದಾಗ, ನಮ್ಮ ಮೈಮೇಲೆ ಒಂದಿಷ್ಟು ವಿದ್ಯುತ್ತು ಕೂತುಕೊಳ್ಳುತ್ತದೆ. ನಮಗೆ ಅದು ತಿಳಿಯುವುದೂ ಇಲ್ಲ. ಅದೇ ಕೈಯಿಂದ ಕಂಪ್ಯೂಟರಿನ ನೆನಪು ಕೂರುವ ಆ ಸಣ್ಣ ಹಸಿರು ಪಟ್ಟಿ, ರ‍್ಯಾಮ್, ಅದನ್ನು ಮುಟ್ಟಿದರೆ ಒಳಗೆ ಎಲ್ಲೋ ಒಂದು ಎಳೆ ಸುಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಮಷಿನ್ ಅಂದೇ ಕೆಡುವುದೂ ಇಲ್ಲ. ಹತ್ತು ದಿನ ಸುಮ್ಮನೆ ನಡೆದು, ಹನ್ನೊಂದನೆಯ ದಿನ ತಾನಾಗಿ ಬಂದಾಗಿ ತಾನಾಗಿ ಚಾಲೂ ಆಗತೊಡಗುತ್ತದೆ. ಅಷ್ಟರಲ್ಲಿ ರಿಪೇರಿ ಮಾಡಿದವನು ಊರು ದಾಟಿರುತ್ತಾನೆ.

ಮೊದಲ ವರ್ಷ ಇದನ್ನು ಪುಸ್ತಕದ ಭಾಷೆಯಲ್ಲೇ ಹೇಳಿದೆ. ಅರ್ಧ ಕ್ಲಾಸು ತೂಕಡಿಸಿತು. ಎರಡನೆಯ ವರ್ಷವೂ ತೂಕಡಿಸತೊಡಗಿದಾಗ ನನ್ನ ತಲೆ ಕೆಟ್ಟಿತು, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

“ರ‍್ಯಾಮ್ ಅಂದ್ರ ಮಡೀಲೆ ಇದ್ದ ಅಜ್ಜಿ ಇದ್ದಂಗ. ಹಂಗ ಹೋಗಿ ಮುಟ್ಟಿದ್ರ ಸಿಟ್ಟಾಗ್ತಾಳ. ಮದ್ಲ ಕ್ಯಾಬಿನೆಟ್ಟಿನ ಬರೇ ಕಬ್ಬಣ ಮುಟ್ರಿ, ಮೈಮ್ಯಾಲಿನ ಕರೆಂಟ್ ಅದಕ್ಕ ಇಳೀತದ, ನೀವು ಮಡಿ ಆದ್ರಿ. ಆಮ್ಯಾಲ ಅಜ್ಜಿನ್ನ ಮುಟ್ರಿ.”

ಕ್ಲಾಸು ಬಿದ್ದು ಬಿದ್ದು ನಕ್ಕಿತು, ಮತ್ತು ಯಾರೂ ಆ ಪಾಠ ಮರೆಯಲಿಲ್ಲ. ಅಂದಿನಿಂದ ಪ್ರತಿ ವರ್ಷವೂ ಅದೇ ಮಾತು. ಕಲಿತು ಹೋದ ಹುಡುಗರು ಈಗಲೂ ಫೋನ್ ಮಾಡಿ, ಮಡಿಯಲ್ಲೇ ಮಾಡಿದ್ದೇನೆ ಅಕ್ಕೋರೇ, ಆದರೂ ಮಷಿನ್ ಏಳುತ್ತಿಲ್ಲ ಎನ್ನುತ್ತಾರೆ. ನನಗೆ ಒಳಗೊಳಗೇ ಖುಷಿ. ನಮ್ಮದು ಬಾದಾಮಿಯ ಮನೆತನ, ತಂದೆ ನರಸಿಂಹ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ತಾಯಿ ಲೀಲಾಬಾಯಿ ನನ್ನ ಜೊತೆ ನವನಗರದಲ್ಲೇ ಇದ್ದಾಳೆ, ಇಂದಿಗೂ ನೈವೇದ್ಯ ಆಗುವ ತನಕ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ದೂರ ಸರಿ, ದೂರ ಸರಿ ಎಂದು ಕೇಳುತ್ತಲೇ ಬೆಳೆದ ನನಗೆ ಆ ಮಡಿಯ ಮೇಲೆ ಚಿಕ್ಕಂದಿನಿಂದ ಸಿಟ್ಟು. ಅದನ್ನು ಹೀಗೆ ಒಂದು ಕೆಲಸಕ್ಕೆ ಹಚ್ಚಿದ್ದೇನಲ್ಲ ಎಂಬ ಸಣ್ಣ ಜಂಬವೂ ಇತ್ತು.

ಪುಸ್ತಕದಲ್ಲಿ ಆ ಪಾಠದ ಕೊನೆಗೆ ಇನ್ನೊಂದು ಸಾಲು ಇದೆ. ಉಣ್ಣೆಯ ಬಟ್ಟೆ ಧರಿಸಿ ಕೆಲಸ ಮಾಡಬಾರದು, ಕೆಲಸದ ಮೇಜಿನ ಮೇಲೆ ಉಣ್ಣೆ ಹಾಸಬಾರದು ಎಂದು. ಅದನ್ನು ನಾನು ಪ್ರತಿ ವರ್ಷವೂ ಬಿಟ್ಟುಬಿಡುತ್ತಿದ್ದೆ. ಬಾಗಲಕೋಟೆಯ ಬಿಸಿಲಿಗೆ ಸ್ವೆಟರು ಯಾರು ಹಾಕುತ್ತಾರೆ? ಚಳಿ ದೇಶದವರಿಗೆ ಬರೆದ ಸಾಲು, ನಮಗೆ ಯಾಕೆ ಎಂದು ಪೆನ್ಸಿಲಿನಿಂದ ಅಡ್ಡಗೆರೆ ಎಳೆದಿದ್ದೆ.

ಅಂಜನಾ ಕಳೆದ ವರ್ಷದ ಬ್ಯಾಚಿನವಳು, ಶಿರೂರಿನವಳು. ಬೀರಪ್ಪನ ಒಕ್ಕಲು, ಮನೆಯಲ್ಲಿ ಕುರಿ ಇವೆ. ಅಜ್ಜಿ ರಂಗವ್ವ ಈಗಲೂ ಉಣ್ಣೆ ನೂಲುತ್ತಾಳೆ, ಅಪ್ಪ ಕುರಿ ಮೇಯಿಸಿ ಬಂದು ಬಿಡುವಿದ್ದಾಗ ಕಂಬಳಿ ನೇಯುತ್ತಾನೆ. ಡಿಗ್ರಿ ಮುಗಿಸಿ ರಿಪೇರಿ ಕಲಿಯಲು ಯಾಕೆ ಬಂದೆ ಎಂದು ಸೇರುವ ದಿನ ಕೇಳಿದ್ದೆ. ಊರಿನ ಅರ್ಜಿ ತುಂಬುವ ಕೇಂದ್ರದಲ್ಲಿ ಕಂಪ್ಯೂಟರ್ ಕೆಟ್ಟು, ಬಾಗಲಕೋಟೆಯಿಂದ ಮನುಷ್ಯ ಬರಲಿ ಎಂದು ನಾಲ್ಕು ದಿನ ಊರೆಲ್ಲ ಕಾಯಿತಂತೆ. ಬಂದವನು ಒಳಗಿನ ಧೂಳು ಊದಿ, ಒಂದು ವಾಯರು ಒತ್ತಿ, ಹತ್ತು ನಿಮಿಷದಲ್ಲಿ ಎದ್ದು ಹೋದನಂತೆ. ಹತ್ತು ನಿಮಿಷದ ಕೆಲಸಕ್ಕೆ ನಾಲ್ಕು ದಿನ ಯಾಕೆ ಕಾಯಬೇಕು ಎಂದು ಅವಳು ಆಗ ಯಾರನ್ನೋ ಕೇಳಿ ಬೈಸಿಕೊಂಡಿದ್ದಳು. ಆ ಉತ್ತರ ನನಗೆ ಹಿಡಿಸಿತು, ಮರು ಮಾತಿಲ್ಲದೆ ಸೇರಿಸಿಕೊಂಡೆ.

ಅವಳ ಕೈ ಭಾರಿ ಚೊಕ್ಕ. ಬಿಚ್ಚಿದ ಸ್ಕ್ರೂಗಳನ್ನು ಒಂದು ಹಾಳೆಯ ಮೇಲೆ, ಅವು ಎಲ್ಲಿಂದ ಬಂದವೋ ಅದೇ ಚಿತ್ರ ಬರೆದು, ಆಯಾ ಜಾಗದಲ್ಲೇ ಇಡುತ್ತಿದ್ದಳು. ಹದಿನೆಂಟು ಜನರಲ್ಲಿ ಮತ್ತೆ ಜೋಡಿಸಿದಾಗ ಒಂದೂ ಸ್ಕ್ರೂ ಉಳಿಯದೇ ಇದ್ದದ್ದು ಅವಳೊಬ್ಬಳದೇ. ಮಾತು ಕಡಿಮೆ. ಮಡಿಯ ಅಜ್ಜಿಯ ಮಾತಿಗೆ ಕ್ಲಾಸೆಲ್ಲ ನಕ್ಕಾಗ ಅವಳು ನಗಲಿಲ್ಲ, ತಲೆ ಬಗ್ಗಿಸಿ ಬರೆದುಕೊಂಡಳು. ಇವಳಿಗೆ ನಗುವುದು ಬರುವುದಿಲ್ಲ ಎಂದುಕೊಂಡು ಸುಮ್ಮನಾದೆ.

ದಸರೆ ಮುಗಿದ ವಾರ ಒಂದು ಪ್ರಸಂಗ ನಡೆಯಿತು. ನಡೆದ ದಿನ ಅದನ್ನು ಪ್ರಸಂಗ ಎಂದು ನಾನು ಎಣಿಸಿರಲಿಲ್ಲ. ಅರ್ಬಾಜ ಎಂಬ ಹುಡುಗ, ಒಳಗೆ ಎರಡು ಸ್ಕ್ರೂ ಬಿದ್ದಿದ್ದರೂ ನೋಡದೆ ಮಷಿನ್ನಿಗೆ ಕರೆಂಟು ಕೊಡಲು ಹೊರಟಿದ್ದ. ನಾನು ಸ್ವಿಚ್ಚಿನ ಮೇಲೆ ಕೈ ಅಡ್ಡ ಇಟ್ಟು ಅವನ ಏಳು ತಲೆಮಾರು ಜಾಲಾಡುತ್ತಿದ್ದೆ. ಅಷ್ಟರಲ್ಲಿ ಅಂಜನಾ ನೋಟುಬುಕ್ಕು ಹಿಡಿದು ಬಂದು ಪಕ್ಕದಲ್ಲಿ ನಿಂತಳು.

“ಅಕ್ಕೋರ, ಕಂಬಳಿ ಮಡಿಗಿ ನಡೀತೈತೇನ್ರಿ?”

ನಾನು ಕತ್ತು ಕೂಡ ತಿರುಗಿಸಲಿಲ್ಲ. ಹಳ್ಳಿಯ ಹುಡುಗಿ, ನಮ್ಮ ಮನೆಯ ಪದ್ಧತಿ ಕೇಳುತ್ತಿದ್ದಾಳೆ ಎಂದುಕೊಂಡೆ.

“ನಡೀತದವಾ, ಭೇಷ್ ನಡೀತದ. ನಮ್ಮ ಅಜ್ಜಿ ಉಣ್ಣಿ ಧಾಬಳಿ ಉಟ್ಟ ಅಡಗಿ ಮಾಡ್ತಿದ್ಲು.”

ಅವಳು ಬರೆದುಕೊಂಡು ಹೋದಳು. ನಾನು ಅರ್ಬಾಜನ ಎಂಟನೆಯ ತಲೆಮಾರಿಗೆ ಕೈ ಹಾಕಿದೆ.

ಜನವರಿಗೆ ಹುಡುಗರನ್ನು ಹೊರಗೆ ಕಳಿಸುವ ಹೊತ್ತು ಬಂದಾಗ ಅಂಜನಾಳನ್ನು ಹುನಗುಂದದ ರಾಜಕುಮಾರನ ಹತ್ತಿರ ಹಾಕಿದೆ. ರಾಜಕುಮಾರ ನನ್ನ ಎರಡನೆಯ ವರ್ಷದ ಬ್ಯಾಚಿನವನು, ಮಡಿಯ ಮಾತಿಗೆ ಎಲ್ಲರಿಗಿಂತ ಮೊದಲು ನಕ್ಕವನು. ಈಗ ಸ್ವಂತ ಅಂಗಡಿ ಇಟ್ಟು ಹುನಗುಂದ, ಇಳಕಲ್, ಬಾದಾಮಿ, ಕೆರೂರ ಎಂದು ಸುತ್ತಮುತ್ತಲಿನ ರಿಪೇರಿ ಹಿಡಿದಿದ್ದಾನೆ. ಹೆಣ್ಣುಮಕ್ಕಳನ್ನು ಅವನು ಯಾವತ್ತೂ ತೆಗೆದುಕೊಂಡವನಲ್ಲ. ಬಸ್ಸಿನ ಓಡಾಟ, ಗಿರಾಕಿಗಳ ಮಾತು, ಅದೂ ಇದೂ ಎಂದು ಕುಂಟು ನೆಪ ತೆಗೆದ. ನಾನು ಗದರಿಸಿದ ಮೇಲೆ ಒಪ್ಪಿದ.

ಮೂರು ವಾರ ಸುದ್ದಿ ಇರಲಿಲ್ಲ. ನಾಲ್ಕನೆಯ ವಾರ ಫೋನು ಬಂತು. ಅಂಜನಾ ಸ್ವತಂತ್ರವಾಗಿ ಮಾಡಿದ ಕೆಲಸ ಮೂರು. ಹುನಗುಂದದ ಒಂದು ಬೀಜ ಗೊಬ್ಬರದ ಅಂಗಡಿ, ಕೆರೂರದ ಒಂದು ಝೆರಾಕ್ಸ್ ಅಂಗಡಿ, ಬಾದಾಮಿಯ ಒಂದು ಲಾಡ್ಜು. ಮೂರೂ ಕಡೆ ಅವಳು ಮುಟ್ಟಿಬಂದು ಹತ್ತು ಹನ್ನೆರಡು ದಿನಕ್ಕೆ ಮಷಿನ್ ತಾನಾಗಿ ಬಂದಾಗಿ ಚಾಲೂ ಆಗತೊಡಗಿತ್ತು. ಬಿಚ್ಚಿ ನೋಡಿದರೆ ಮೂರರಲ್ಲೂ ರ‍್ಯಾಮ್ ಕೆಟ್ಟಿತ್ತು. ಒಂದಾದರೆ ವಸ್ತುವಿನ ದೋಷ ಎನ್ನಬಹುದು, ಮೂರಕ್ಕೆ ಏನು ಹೇಳುವುದು ಎಂದು ರಾಜಕುಮಾರ ಕೇಳಿದ. ಆಮೇಲೆ ದನಿ ಇಳಿಸಿ ಅಂದ:

“ಮಂದಿ ಮಾತಾಡಾಕತ್ಯಾರ್ರಿ ಅಕ್ಕೋರ. ಆ ಹುಡಿಗಿ ಕೈಗುಣ ಚಲೋ ಇಲ್ಲ ಅಂತ.”

ಈ ಒಂದು ಮಾತು ನಮ್ಮ ಕಡೆ ಎಷ್ಟು ಭಾರ ಎಂಬುದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಡಾಕ್ಟರಿಗೆ ಕೈಗುಣ ಬೇಕು, ಬೀಜ ಬಿತ್ತುವವರಿಗೆ ಕೈಗುಣ ಬೇಕು, ಉಪ್ಪಿನಕಾಯಿ ಹಾಕುವವರಿಗೂ ಬೇಕು. ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ. ಕಲಿತು ಬರುವಂಥದ್ದಲ್ಲ ಅದು. ಕೆಲಸ ಬರುವುದಿಲ್ಲ ಎಂದರೆ ಇನ್ನೊಮ್ಮೆ ಕಲಿಯಬಹುದು. ಕೈಗುಣ ಇಲ್ಲ ಎಂದ ಮೇಲೆ ಆ ಕೈಯನ್ನು ಯಾರೂ ತಮ್ಮ ಮಷಿನ್ನಿನ ಹತ್ತಿರ ಬಿಡುವುದಿಲ್ಲ. ಪಾಠ ಹೇಳಲು ಬರುವ ಮೊದಲು, ಹೊಸದಾಗಿ ರಿಪೇರಿ ಕೆಲಸಕ್ಕೆ ಇಳಿದಾಗ ಒಬ್ಬಾತ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಗಂಡಸರು ಯಾರೂ ಬರಲಿಲ್ಲವೇ ಎಂದು ಕೇಳಿದ್ದ. ಅದು ಇಪ್ಪತ್ತು ವರ್ಷದ ಮೇಲೂ ಉರಿಯುತ್ತದೆ. ಇದು ಅದಕ್ಕಿಂತ ಕೆಟ್ಟದ್ದು.

ರಾಜಕುಮಾರ ಒಂದು ಷರತ್ತು ಹಾಕಿದ. ಗುರುವಾರ ಇಳಕಲ್ಲಿನಲ್ಲಿ ಒಂದು ಕೆಲಸವಿದೆ, ಅದನ್ನು ಅಂಜನಾ ಅವನ ಕಣ್ಣೆದುರೇ ಮಾಡಬೇಕು. ಅದು ನೋಡಿ, ಅವಳನ್ನು ಮಾರ್ಚಿನ ತನಕ ಇಟ್ಟುಕೊಳ್ಳುವುದೋ ವಾಪಸು ಕಳಿಸುವುದೋ ತೀರ್ಮಾನ. ವಾಪಸು ಬಂದರೆ ಪತ್ರ ಇಲ್ಲ, ಪತ್ರ ಇಲ್ಲದಿದ್ದರೆ ಸರ್ಟಿಫಿಕೇಟು ಇಲ್ಲ.

ಫೋನು ಇಟ್ಟವಳೇ ಅಂಜನಾಳಿಗೆ ಹಚ್ಚಿದೆ. ಏನಾಯಿತು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹೆಣ್ಣುಮಕ್ಕಳಿಗೆ ಒಂದು ಬಾಗಿಲು ತೆರೆಸುವುದು ಎಷ್ಟು ಕಷ್ಟ, ಅದನ್ನು ಮೂರು ವಾರದಲ್ಲಿ ನೀನು ಮುಚ್ಚಿಸಿದೆ ಎಂದು ಶುರು ಮಾಡಿ, ಬೇಕಾದ್ದು ಬೇಡವಾದ್ದು ಎಲ್ಲ ಅಂದೆ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ಮಡಿ ಪಾಲಿಸುತ್ತೀಯೋ ಇಲ್ಲವೋ?

“ಪಾಲಸ್ತೇನ್ರಿ ಅಕ್ಕೋರ. ಒಂದಿನಾನೂ ಬಿಟ್ಟಿಲ್ಲ.”

ಅವಳು ಸುಳ್ಳು ಹೇಳುವವಳಲ್ಲ ಎಂದು ನನಗೆ ಗೊತ್ತಿತ್ತು. ಅದು ಗೊತ್ತಿದ್ದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು, ಯಾಕೆಂದರೆ ಹಾಗಿದ್ದರೆ ಕಾರಣವೇ ಇಲ್ಲದ ಹಾಗಾಯಿತು. ಹಂಗಾರ ಮಂದಿ ಅನ್ನೂದು ಖರೆನ ಇರಬೇಕು ಎಂದೆ. ಅವಳು ಆತ್ರಿ ಎಂದು ಫೋನು ಇಟ್ಟಳು. ಅಂದ ಮಾತು ನನಗೇ ಕಹಿಯಾಯಿತು. ಆದರೆ ತಿರುಗಿ ಫೋನು ಮಾಡಲು ಜಂಬ ಬಿಡಲಿಲ್ಲ. ಗುರುವಾರ ನಾನೂ ಇಳಕಲ್ಲಿಗೆ ಬರುತ್ತೇನೆ ಎಂದು ರಾಜಕುಮಾರನಿಗೆ ಸಂದೇಶ ಕಳಿಸಿದೆ.

ಗುರುವಾರ ಬೆಳಿಗ್ಗೆ ಇಳಕಲ್ಲಿನ ಬಸ್ಸು ಹತ್ತಿದೆ. ಒಣ ಗಾಳಿಗೆ ತುಟಿ ಒಡೆದಿದ್ದವು, ಸೀರೆಯ ನೆರಿಗೆ ಕಾಲಿಗೆ ಅಂಟುತ್ತಿತ್ತು. ಅಮೀನಗಡ ದಾಟಿ, ಹುನಗುಂದದಲ್ಲಿ ಒಂದಿಷ್ಟು ಜನ ಇಳಿದು ಒಂದಿಷ್ಟು ಜನ ಹತ್ತಿ, ಹನ್ನೊಂದರ ಹೊತ್ತಿಗೆ ಇಳಕಲ್ ಮುಟ್ಟಿದೆ. ಕೆಲಸ ಇದ್ದದ್ದು ಪ್ರಭುಲಿಂಗ ಎಂಬವರ ಸೀರೆ ಅಂಗಡಿಯಲ್ಲಿ. ಸೀರೆಯ ದಡಿಯ, ಅಂದರೆ ಅಂಚಿನ, ನಮೂನೆಗಳನ್ನು ಅವರು ಕಂಪ್ಯೂಟರಿನಲ್ಲಿ ಬರೆಸಿ ನೇಕಾರರಿಗೆ ಕಳಿಸುತ್ತಾರೆ. ದೊಡ್ಡ ನಮೂನೆ ತೆರೆದರೆ ಮಷಿನ್ ಉಸಿರು ಕಟ್ಟಿ ನಿಲ್ಲುತ್ತಿತ್ತು, ಒಳಗೆ ಇನ್ನೊಂದು ರ‍್ಯಾಮ್ ಪಟ್ಟಿ ಕೂಡಿಸಬೇಕಿತ್ತು. ಹತ್ತು ನಿಮಿಷದ ಕೆಲಸ.

ಪ್ರಭುಲಿಂಗರು ಸಭ್ಯ ಮನುಷ್ಯ. ಚಹಾ ತರಿಸಿದರು. ಆಮೇಲೆ ಅಷ್ಟೇ ಸಭ್ಯವಾಗಿ, ಮಷಿನ್ ನೀವೇ ಮುಟ್ಟಿದರೆ ಚಲೋ ಇತ್ತು ಎಂದು ರಾಜಕುಮಾರನಿಗೆ ಹೇಳಿದರು. ಕೈಗುಣದ ಸುದ್ದಿ ಇಳಕಲ್ಲಿನವರೆಗೂ ನಡೆದು ಬಂದಿತ್ತು. ಅಂಜನಾ ಅಲ್ಲೇ ಇದ್ದಳು. ಕೇಳಿಸಿಕೊಂಡೂ ಕೇಳದವಳ ಹಾಗೆ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಸಾಲಾಗಿ ಇಡುತ್ತಿದ್ದಳು. ನನ್ನತ್ತ ನೋಡಲಿಲ್ಲ. ರಾಜಕುಮಾರ, ನಾನು ಇಲ್ಲೇ ನಿಂತಿರುತ್ತೇನೆ ಎಂದು ಅವರನ್ನು ಸಮಾಧಾನ ಮಾಡಿದ.

ಅಂಜನಾ ಕರೆಂಟಿನ ವಾಯರು ತೆಗೆದಳು. ಆಮೇಲೆ ಚೀಲದ ತಳದಿಂದ ನಾಲ್ಕು ಮಡಿಕೆಯಾಗಿದ್ದ ಕರಿ ಕಂಬಳಿಯ ಒಂದು ತುಂಡು ಹೊರಗೆ ತೆಗೆದು, ಮೇಜಿನ ಮೇಲೆ ಹಾಸಿ, ಅಂಗೈಯಿಂದ ಎರಡು ಸಲ ಸವರಿ ಸುಕ್ಕು ಬಿಡಿಸಿದಳು. ಮೇಜಿನ ಮೇಲೆ ರೇಷ್ಮೆ ನೂಲಿನ ಸಣ್ಣ ಸಣ್ಣ ಎಳೆಗಳು ಬಿದ್ದಿದ್ದವು. ಅವು ಎದ್ದು ನಿಂತು ಕಂಬಳಿಯ ಅಂಚಿಗೆ ಹೋಗಿ ಅಂಟಿಕೊಂಡವು. ನಾನು ನೋಡುತ್ತಲೇ ಇದ್ದೆ, ತಲೆಗೆ ಇಳಿಯಲಿಲ್ಲ. ಅವಳು ಕ್ಯಾಬಿನೆಟ್ಟನ್ನು ಕಂಬಳಿಯ ಮೇಲೆ ಎಳೆದು ಕೂಡಿಸಿದಳು, ಮುಚ್ಚಳ ತೆಗೆದಳು, ಐದೂ ಬೆರಳು ಊರಿ ಬರಿಯ ಕಬ್ಬಿಣ ಮುಟ್ಟಿದಳು. ನಾನು ಕಲಿಸಿದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಮುಟ್ಟಿದಳು. ಧೂಳು ಒರೆಸಲೆಂದು ಹಳೆಯ ರ‍್ಯಾಮ್ ಪಟ್ಟಿ ಬಿಡಿಸಿ, ಅಂಚು ಹಿಡಿದು, ಮಗುವನ್ನು ಮಲಗಿಸಿದ ಹಾಗೆ ಕಂಬಳಿಯ ಮೇಲೆ ಮಲಗಿಸಿದಳು.

ಆಗ ತಲೆಗೆ ಇಳಿಯಿತು. ಹೊಸ ಪಟ್ಟಿಯ ಕಡೆಗೆ ಹೋಗುತ್ತಿದ್ದ ಅವಳ ಕೈಯನ್ನು ತಡೆದು, ಇದು ಯಾಕೆ ಹಾಸಿದ್ದೀ ಎಂದು ಕಂಬಳಿ ತೋರಿಸಿದೆ.

“ಮಡಿಗಿರಿ,” ಎಂದಳು. “ನೀವ ನಡೀತದ ಅಂದಿದ್ರೆಲ್ರಿ.”

ನಡೆದದ್ದು ಇಷ್ಟು. ರ‍್ಯಾಮ್ ಮಡಿಯಲ್ಲಿ ಇರಬೇಕು ಎಂದು ನಾನು ಹೇಳಿದ್ದನ್ನು ಅವಳು ಮನೆಯಲ್ಲಿ ಅಜ್ಜಿಗೆ ಹೇಳಿದ್ದಾಳೆ. ಮೈಲಿಗೆ ಆಗಬಾರದ ವಸ್ತುವನ್ನು ಕಂಬಳಿಯ ಮೇಲೆ ಇಡಬೇಕು, ಕಂಬಳಿಗೆ ಯಾವ ಮೈಲಿಗೆಯೂ ಹತ್ತುವುದಿಲ್ಲ ಎಂದು ರಂಗವ್ವ ಹೇಳಿದ್ದಾಳೆ. ಅಂಜನಾ ಅಷ್ಟಕ್ಕೇ ನಂಬಲಿಲ್ಲ. ಬಂದು ನನ್ನನ್ನು ಕೇಳಿದಳು. ನಾನು ಭೇಷ್ ನಡೀತದ ಎಂದೆ. ಆಮೇಲೆಯೇ ಅಜ್ಜಿ ಮೊಮ್ಮಗಳ ಹೊರಗಿನ ಕೆಲಸಕ್ಕೆಂದು ಬೇರೆಯಾಗಿ ಉಣ್ಣೆ ನೂತದ್ದು, ಅಪ್ಪ ಆ ತುಂಡು ನೇಯ್ದದ್ದು. ಹುನಗುಂದ, ಕೆರೂರ, ಬಾದಾಮಿ, ಮೂರೂ ಕಡೆ ಅವಳು ಅದನ್ನೇ ಹಾಸಿದ್ದಳು. ಜನವರಿಯ ಒಣ ಹವೆ, ಮೇಲೆ ಹೊಸ ಉಣ್ಣೆ, ಅಂಗೈಯಿಂದ ಎರಡು ಸಲ ಸವರಿದ್ದು. ರ‍್ಯಾಮ್ ಸುಡಲು ಇದಕ್ಕಿಂತ ಒಳ್ಳೆಯ ಹಾಸಿಗೆಯನ್ನು ಯಾರೂ ಹುಡುಕಿ ತರಲಾರರು.

ರಾಜಕುಮಾರ ಬಾಗಿಲ ಹತ್ತಿರ ನಿಂತು ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದ, ನಮ್ಮ ಮಾತು ಅವನಿಗೆ ಕೇಳಿಸಿರಲಿಲ್ಲ. ಪ್ರಭುಲಿಂಗರು ಗಿರಾಕಿಯೊಬ್ಬಳಿಗೆ ಸೆರಗು ಬಿಚ್ಚಿ ತೋರಿಸುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಅರೆ ಗಳಿಗೆ ನನಗೆ ಬೇರೆ ಯೋಚನೆಯೇ ಬಂತು. ಕಂಬಳಿ ಮಡಚಿ ಚೀಲದಲ್ಲಿ ಇಡು ಎಂದು ಮೆಲ್ಲಗೆ ಹೇಳಿದರೆ ಮುಗಿಯಿತು. ಇವತ್ತಿನ ಕೆಲಸ ನೆಟ್ಟಗಾಗುತ್ತದೆ, ರಾಜಕುಮಾರ ಇಟ್ಟುಕೊಳ್ಳುತ್ತಾನೆ, ಪತ್ರ ಬರುತ್ತದೆ. ಶುಭದಾ ಅಕ್ಕೋರ ಹೆಸರಾಂತ ಪಾಠಕ್ಕೆ ಗೀರು ಕೂಡ ಬೀಳುವುದಿಲ್ಲ. ಆದರೆ ಹಿಂದಿನ ಮೂರು ಮಷಿನ್ನುಗಳು ಅವಳ ಕೈಗೇ ಉಳಿಯುತ್ತವೆ. ನಲವತ್ತು ವರ್ಷವಾದರೂ ಬಾದಾಮಿಯ ಲಾಡ್ಜಿನವನು, ಆ ಹುಡುಗಿಯ ಕೈಗುಣ ಚಲೋ ಇರಲಿಲ್ಲ, ಆಮೇಲೆ ಹೇಗೋ ಸುಧಾರಿಸಿತು ಎನ್ನುತ್ತಾನೆ. ಅವಳೂ ಅದನ್ನೇ ನಂಬುತ್ತಾಳೆ, ಯಾಕೆಂದರೆ ನಾನೂ ಫೋನಿನಲ್ಲಿ ಅದನ್ನೇ ಅಂದಿದ್ದೇನೆ.

ನನಗೆ ನಾಚಿಕೆಯಾಯಿತು. ರಾಜಕುಮಾರನನ್ನು ಕರೆದೆ, ಪ್ರಭುಲಿಂಗರನ್ನೂ ಕರೆದೆ. ಮೇಜಿನ ಮೇಲಿದ್ದ ಒಂದು ಚೀಟಿ ಹರಿದು ಚೂರು ಮಾಡಿ, ಕ್ಯಾಬಿನೆಟ್ಟನ್ನೂ ಪಟ್ಟಿಯನ್ನೂ ಬದಿಗೆ ಸರಿಸಿ, ಕಂಬಳಿ ಎತ್ತಿ ನನ್ನ ತೋಳಿಗೆ ನಾಲ್ಕು ಸಲ ಉಜ್ಜಿ, ಚೂರುಗಳ ಮೇಲೆ ಹಿಡಿದೆ. ಚೂರುಗಳು ಟಪಟಪನೆ ಹಾರಿ ಕಂಬಳಿಗೆ ಅಂಟಿದವು. ಮೂರೂ ಮಷಿನ್ ಸುಟ್ಟದ್ದು ಇದು ಎಂದೆ. ಇದನ್ನು ಹಾಸು ಎಂದವಳು ನಾನು, ಅವಳು ಬಂದು ಕೇಳಿದಾಗ ತಿರುಗಿಯೂ ನೋಡದೆ ನಡೀತದ ಎಂದೆ, ಪುಸ್ತಕದ ಸಾಲನ್ನು ಹತ್ತು ವರ್ಷದಿಂದ ಅಡ್ಡಗೆರೆ ಎಳೆದು ಬಿಟ್ಟಿದ್ದೇನೆ ಎಂದೂ ಹೇಳಿದೆ.

ರಾಜಕುಮಾರ ಕಂಬಳಿಯ ಅಂಚು ಹಿಡಿದು ನೋಡಿದ. ಆ ತುಂಡನ್ನು ಅವನೂ ಹುನಗುಂದದಲ್ಲಿ ನೋಡಿದ್ದನಂತೆ. ಗಿರಾಕಿಯ ಮೇಜಿಗೆ ಗೀರು ಬೀಳದ ಹಾಗೆ ಎಷ್ಟು ಚೊಕ್ಕ ಕೆಲಸ ಮಾಡುತ್ತಾಳೆ ಎಂದು ಮೆಚ್ಚಿ, ಉಳಿದ ಹುಡುಗರಿಗೂ ಹೇಳಿದ್ದನಂತೆ. ಉಣ್ಣೆಯ ಸಾಲು ಅವನಿಗೂ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು, ಕಲಿಸಿದವಳು ನಾನೇ.

ಅಂಜನಾ ಮಾತ್ರ ಕಂಬಳಿಯನ್ನು ನನ್ನ ಕೈಯಿಂದ ಇಸಿದುಕೊಂಡು, ಚೂರುಗಳನ್ನು ಒಂದೊಂದಾಗಿ ಬಿಡಿಸಿ, ಮೊದಲಿನ ಹಾಗೆ ನಾಲ್ಕು ಮಡಿಕೆ ಹಾಕಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಏನಾದರೂ ಕೇಳಬೇಕಲ್ಲ ಎಂದು ನಾನೇ ಕೇಳಿದೆ: ಅವತ್ತು ಕ್ಲಾಸಿನಲ್ಲಿ ಎಲ್ಲರೂ ನಕ್ಕಾಗ ನೀನು ಯಾಕೆ ನಗಲಿಲ್ಲ?

ಅವಳು ಮಡಿಕೆಯ ಮೇಲೆ ಕೈ ಇಟ್ಟುಕೊಂಡೇ ಹೇಳಿದಳು. “ನಮ್ಮಜ್ಜಿ ಬಾದಾಮ್ಯಾಗ ಒಂದ ಮನಿಗಿ ಬೆಣ್ಣಿ ಕೊಡಾಕ ಹೋಗ್ತಿದ್ಲಂತ್ರಿ. ಬೆಣ್ಣಿ ಹೊರಗಿನ ಕಟ್ಟಿ ಮ್ಯಾಗ ಇಡಿಸಿ, ನೀರ ಚಿಮುಕಿಸಿ ಒಳಗ ಒಯ್ತಿದ್ರಂತ. ಕಂಬಳಿ ಅಷ್ಟ ಹಂಗ ಇಸ್ಕೊಂತಿದ್ರಂತ. ಮಡಿ ಅಂದ್ರ ನಾವು ದೂರ ನಿಂದರೂದು ಅಂತ ತಿಳಿದಿದ್ದೆ ನಾ. ನೀವು ಮುಟ್ಟಿದ್ರ ಮಡಿ ಆಕ್ಕೈತಿ ಅಂದ್ರಿ. ಅದಕ್ಕ ನಗಲಿಲ್ರಿ, ಬರಕೊಂಡೆ.”

ಬಾದಾಮಿಯಲ್ಲಿ ನಮ್ಮ ಮನೆಗೂ ಬೆಣ್ಣೆ ಬರುತ್ತಿತ್ತು. ಯಾವ ಓಣಿ ಎಂದು ನಾನು ಕೇಳಲಿಲ್ಲ.

ಆಮೇಲೆ ಅವಳು ಕೆಲಸ ಮುಗಿಸಿದಳು. ಪ್ರಭುಲಿಂಗರು ತಾವಾಗಿಯೇ ಒಂದು ರಟ್ಟು ತಂದು ಮೇಜಿನ ಮೇಲೆ ಹಾಕಿಕೊಟ್ಟರು. ಕಂಬಳಿ ತಾಗಿದ ಹಳೆಯ ಪಟ್ಟಿಯನ್ನು ಬದಿಗಿಟ್ಟು ರಾಜಕುಮಾರ ತನ್ನ ಚೀಲದಿಂದ ಬೇರೊಂದು ಕೊಟ್ಟ. ಕಬ್ಬಿಣ ಮುಟ್ಟಿ, ಎರಡೂ ಪಟ್ಟಿ ಕೂಡಿಸಿ, ಮುಚ್ಚಳ ಹಾಕಿ, ಸ್ಕ್ರೂ ಬಿಗಿದು ಕರೆಂಟು ಕೊಟ್ಟಾಗ ಮಷಿನ್ ಒಂದೇ ಸಲಕ್ಕೆ ಎದ್ದಿತು. ದೊಡ್ಡ ದಡಿಯ ನಮೂನೆ ಪರದೆಯ ತುಂಬ ತೆರೆದುಕೊಂಡಿತು. ಒಂಬತ್ತು ನಿಮಿಷ ಆಗಿತ್ತು, ಗಡಿಯಾರ ನೋಡಿದ್ದೆ. ಶನಿವಾರ ಬಾದಾಮಿಗೆ ಒಬ್ಬಳೇ ಹೋಗುತ್ತೀಯಾ ಎಂದು ರಾಜಕುಮಾರ ಕೇಳಿದ. ಹೋಗುತ್ತೇನೆ ಎಂದಳು.

ಅಷ್ಟಕ್ಕೇ ಬಿಡಲು ನನಗೆ ಮನಸ್ಸಾಗಲಿಲ್ಲ. ರಿಪೇರಿಯವರು ಪ್ರತಿ ಕೆಲಸಕ್ಕೂ ಒಂದು ಹಾಳೆ ತುಂಬಬೇಕು, ಅದನ್ನೂ ನಾನೇ ರಾಜ್ಯಭಾರದಷ್ಟು ಗಂಭೀರವಾಗಿ ಕಲಿಸಿದ್ದೇನೆ. ದೋಷ, ಕಾರಣ, ಪರಿಹಾರ ಎಂದು ಮೂರು ಮನೆ ಇರುತ್ತವೆ. ಒಂದು ಪ್ರತಿ ಅಂಗಡಿಯಲ್ಲಿ ಉಳಿಯುತ್ತದೆ, ಇನ್ನೊಂದು ಗಿರಾಕಿಗೆ ಹೋಗುತ್ತದೆ. ಆ ಮೂರು ಮಷಿನ್ನುಗಳ ಹಾಳೆ ತೆಗೆ ಎಂದು ರಾಜಕುಮಾರನಿಗೆ ಹೇಳಿದೆ. ಗಿರಾಕಿಗಳಿಗೆ ಇನ್ನೂ ಕೊಟ್ಟಿರಲಿಲ್ಲ, ಅವನ ಚೀಲದಲ್ಲೇ ಇದ್ದವು. ಮೂರರಲ್ಲೂ ಕಾರಣ ಎಂಬಲ್ಲಿ ಅವನ ಅಕ್ಷರದಲ್ಲಿ ‘ಕೆಲಸ ಮಾಡಿದವರ ಅಜಾಗ್ರತೆ’ ಎಂದು ಬರೆದಿತ್ತು. ಅದನ್ನು ಹೊಡೆದು ಹಾಕಿ ‘ತಪ್ಪು ಪಾಠ’ ಎಂದು ಬರೆದೆ. ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ. ಮೂರು ಹಾಳೆ, ಮೂರು ಸಹಿ. ಹುನಗುಂದದವನೂ ಕೆರೂರದವನೂ ಬಾದಾಮಿಯವನೂ ಓದಲಿ. ಓದಿ ನನ್ನ ಕೈಗುಣದ ಬಗ್ಗೆ ಮಾತಾಡಲಿ.

ಪರಿಹಾರದ ಮನೆ ಖಾಲಿ ಇತ್ತು. ಉಣ್ಣೆ ಹಾಸಬಾರದು ಎಂದು ಬರೆದರೆ ಆಯಿತು ಎಂದುಕೊಂಡು ಪೆನ್ನನ್ನು ಅಂಜನಾಳಿಗೆ ಕೊಟ್ಟೆ. ಪರಿಹಾರ ಬರೆಯುವುದು ಕೆಲಸ ಮಾಡಿದವರ ಹಕ್ಕು. ಅವಳು ಮೊದಲ ಹಾಳೆಯ ಮೇಲೆ, ಸ್ಕ್ರೂ ಇಡುವಷ್ಟೇ ಚೊಕ್ಕವಾಗಿ ಬರೆದಳು:

‘ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಉತ್ತರ ಹೇಳುವುದು.’

ಓದಿದೆ. ಇನ್ನೊಮ್ಮೆ ಓದಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಉಳಿದ ಎರಡು ಹಾಳೆಗಳನ್ನು ಅವಳ ಮುಂದೆ ಸರಿಸಿ, ಇವುಗಳ ಮೇಲೂ ಅದನ್ನೇ ಬರೆ ಎಂದೆ.